ಎಂಜಿನ್ ಹೋದ ಮೇಲೂ ಬಾನೆಟ್ ಯಾಕೆ ಅಷ್ಟು ಉದ್ದ?

2022ರ ಆಗಸ್ಟ್ 17. ಅಮೆರಿಕದ ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿ ಡಾಡ್ಜ್ ಕಂಪನಿ ಒಂದು ಕಾರನ್ನು ಜನರ ಮುಂದೆ ತಂದು ನಿಲ್ಲಿಸಿತು. ಹೆಸರು ಚಾರ್ಜರ್ ಡೇಟೋನಾ ಎಸ್‌ಆರ್‌ಟಿ. ಪೂರ್ತಿ ಬ್ಯಾಟರಿ ಕಾರು. ಆಗ ಅದು ತೋರಿಸುವುದಕ್ಕೆ ಮಾಡಿದ ಮಾದರಿ ಮಾತ್ರ, ಮಾರಾಟಕ್ಕೆ ಇರಲಿಲ್ಲ. ದೂರದಿಂದ ನೋಡಿದರೆ 1968ರ ಚಾರ್ಜರ್ ಕಾರೇ ಮತ್ತೆ ಬಂದು ನಿಂತ ಹಾಗಿತ್ತು. ಅದೇ ಅಗಲವಾದ ಮೂತಿ, ಅದೇ ಉದ್ದ ಬಾನೆಟ್, ಹಿಂದಕ್ಕೆ ಜಾರಿಕೊಂಡು ಹೋಗುವ ಅದೇ ಚಾವಣಿ. ಹತ್ತಿರ ಹೋದವರಿಗೆ ಮಾತ್ರ ಇನ್ನೊಂದು ಕಾಣುತ್ತಿತ್ತು. ಮೂತಿಯ ಮೇಲ್ಭಾಗದಲ್ಲಿ ಈ ಕಡೆಯಿಂದ ಆ ಕಡೆಯವರೆಗೆ ಒಂದು ಕಂಡಿ. ಎದುರಿನ ಗಾಳಿ ಆ ಕಂಡಿಯಲ್ಲಿ ನುಗ್ಗಿ, ಬಾನೆಟ್ ಮೇಲೆ ಹರಿದು ಹೋಗುತ್ತದೆ.

ಆ ಕಂಡಿಯ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಮಸಲ್ ಕಾರ್ ಅನ್ನುವ ಅಮೆರಿಕದ ಹಳೆಯ ಜೋರು ಕಾರುಗಳಿಗೆ ನಾಳೆಯ ರೂಪ ಕೊಡುವುದು ಎಷ್ಟು ಕಷ್ಟ, ಅದನ್ನು ಚೆನ್ನಾಗಿ ಮಾಡಿದರೆ ಹೇಗಿರುತ್ತದೆ ಅನ್ನುವುದೆಲ್ಲ ಅದರಲ್ಲಿ ಇದೆ ಅಂತ ನನಗೆ ಅನಿಸುತ್ತದೆ.

ಹಳೆಯ ಕಾರಿಗೆ ನಾಳೆಯ ರೂಪ ಕೊಟ್ಟ ಚಿತ್ರಗಳಿಗೆ ಈಗ ಬರವಿಲ್ಲ. ಮೊಬೈಲ್ ತೆರೆದರೆ ಸಾಕು, ‘2050ರ ಮಸ್ಟಾಂಗ್’, ‘ನಾಳೆಯ ಕಮಾರೋ’ ಅಂತ ಹತ್ತಾರು ಬರುತ್ತವೆ. ಕೆಲವು ಕಂಪ್ಯೂಟರ್‌ನಲ್ಲಿ ವಾರಗಟ್ಟಲೆ ಕೂತು ಬಿಡಿಸಿದ್ದು. ಜಾಸ್ತಿ ಪಾಲು ಎಐಗೆ ಎರಡು ಸಾಲು ಬರೆದು ಪಡೆದದ್ದು. ನೋಡಲು ಚೆಂದ. ಆದರೆ ಹತ್ತು ಚಿತ್ರ ನೋಡುವಷ್ಟರಲ್ಲಿ ಎಲ್ಲ ಒಂದೇ ಥರ ಅನಿಸತೊಡಗುತ್ತದೆ. ಕಪ್ಪು ಮೈ, ಮುಂದೆ ಕೂದಲೆಳೆಯಂಥ ಎಲ್‌ಇಡಿ ಪಟ್ಟಿ, ಎದೆಯೆತ್ತರದ ಚಕ್ರ, ನೆಲಕ್ಕೆ ತಾಗುವಷ್ಟು ತಗ್ಗು. ಕನ್ನಡಿ ಇಲ್ಲ, ವೈಪರ್ ಇಲ್ಲ, ಬಾಗಿಲಿನ ಸಂದು ಕೂಡ ಇಲ್ಲ. ಒಳಗೆ ಮನುಷ್ಯ ಕೂರಬೇಕು ಅನ್ನುವುದೇ ಚಿತ್ರಕ್ಕೆ ನೆನಪಿಲ್ಲ.

ಅದಕ್ಕೆ ಕಾರಣ ಇದೆ. ಎಐ ಕಲಿತದ್ದು ಹಳೆಯ ಫೋಟೋಗಳಿಂದ. 1960ರ ದಶಕದ ಕಾರುಗಳ ಫೋಟೋ ಅದರ ಹತ್ತಿರ ರಾಶಿ ರಾಶಿ ಇದೆ. ಆ ಕಾರುಗಳಿಗೆ ಆ ರೂಪ ಯಾಕೆ ಬಂತು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ? ಹಾಗಾಗಿ ಅದು ರೂಪವನ್ನು ಇಟ್ಟುಕೊಂಡು ಕಾರಣವನ್ನು ಬಿಟ್ಟುಬಿಡುತ್ತದೆ. ದುಡ್ಡು ಸುರಿದು ಕಾರು ಮಾಡುವ ಕಂಪನಿಗಳೂ ಕೆಲವು ಸಲ ಇದೇ ತಪ್ಪು ಮಾಡುತ್ತವೆ. ಅಲ್ಲಿ ಅದರ ಬೆಲೆ ಮಾತ್ರ ತುಂಬಾ ದೊಡ್ಡದು.

ಹುಟ್ಟಿದ್ದು ಹೇಗೆ

ಮಸಲ್ ಕಾರ್ ಅಂದರೆ ರೇಸ್ ಕಾರಲ್ಲ, ಶ್ರೀಮಂತರ ಸ್ಪೋರ್ಟ್ಸ್ ಕಾರೂ ಅಲ್ಲ. ಸಾಮಾನ್ಯ ಮನೆಯವರು ಕೊಳ್ಳುವ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದರೆ ಅದೇ ಮಸಲ್ ಕಾರ್. ಇದರ ಮೊದಲ ಹೆಸರಾಗಿ ಹೆಚ್ಚಿನವರು ಹೇಳುವುದು 1964ರ ಪಾಂಟಿಯಾಕ್ ಜಿಟಿಒ. ಆಗ ಪಾಂಟಿಯಾಕ್ ಬ್ರ್ಯಾಂಡಿನ ಒಡೆಯ ಕಂಪನಿ ಜನರಲ್ ಮೋಟರ್ಸ್‌ನಲ್ಲಿ ಒಂದು ನಿಯಮ ಇತ್ತು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚು, ಅಂದರೆ ಸುಮಾರು 5.4 ಲೀಟರ್‌ಗಿಂತ ದೊಡ್ಡ ಎಂಜಿನ್ ಹಾಕುವ ಹಾಗಿರಲಿಲ್ಲ. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಗಾರರು ಆ ನಿಯಮದಲ್ಲೇ ಒಂದು ಸಂದು ಕಂಡುಕೊಂಡರು. ಟೆಂಪೆಸ್ಟ್ ಅನ್ನುವ ಸಾಧಾರಣ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದರೆ 6.4 ಲೀಟರ್‌ನ ವಿ8 ಎಂಜಿನ್ (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವಂಥದ್ದು) ಹಾಕಿ, ಅದನ್ನು ಹೊಸ ಕಾರು ಅನ್ನದೆ ‘ಬೇಕಾದವರಿಗೆ ಹೆಚ್ಚುವರಿ ಪ್ಯಾಕೇಜ್’ ಅಂತ ಮಾರಿದರು. ಆ ಪ್ಯಾಕೇಜ್‌ನ ಬೆಲೆ ಸುಮಾರು 296 ಡಾಲರ್. ಮೊದಲ ವರ್ಷವೇ 32,000ಕ್ಕೂ ಜಾಸ್ತಿ ಕಾರು ಖರ್ಚಾದವು.

ಅದೇ ವರ್ಷ ಏಪ್ರಿಲ್ 17ಕ್ಕೆ ಫೋರ್ಡ್ ಮಸ್ಟಾಂಗ್ ಬಂತು. ಬೆಲೆ 2,368 ಡಾಲರ್‌ನಿಂದ ಶುರು. ಹಣದುಬ್ಬರ ಸೇರಿಸಿ ನೋಡಿದರೆ ಇವತ್ತಿಗೆ ಹತ್ತಿರ ಹತ್ತಿರ 24,000 ಡಾಲರ್. ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಬ್ಬ ಹುಡುಗನೋ ಹುಡುಗಿಯೋ ಕನಸು ಕಾಣಬಹುದಾದ ಬೆಲೆ ಅದು. ಈ ಎರಡು ಬೆಲೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ರೂಪದ ವಿಷಯ. ಆ ಕಾರುಗಳ ಬಾನೆಟ್ ಉದ್ದ ಇದ್ದದ್ದು ಸೊಗಸಿಗೆ ಮಾತ್ರ ಅಲ್ಲ. ಒಳಗೆ ಭಾರೀ ವಿ8 ಎಂಜಿನ್ ಉದ್ದುದ್ದಕ್ಕೆ ಕೂತಿತ್ತು. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರಗಳವರೆಗೆ ಒಂದು ಉದ್ದ ಶಾಫ್ಟ್. ಡ್ರೈವರ್ ಹಿಂದಕ್ಕೆ ಸರಿದು ಕೂರಲೇಬೇಕು. ಬಾನೆಟ್ ಮೇಲಿನ ಉಬ್ಬು ಕೆಳಗಿರುವ ಕಾರ್ಬ್ಯುರೇಟರ್‌ಗೆ, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗಕ್ಕೆ, ಜಾಗ ಬಿಡುವುದಕ್ಕೆ. ಮುಂದೆ ಅಗಲ ಗ್ರಿಲ್ ಇದ್ದದ್ದು ರೇಡಿಯೇಟರ್‌ಗೆ ಗಾಳಿ ಬೇಕು ಅಂತ. ಹಿಂದಿನ ಚಕ್ರದ ಮೇಲೆ ಮೈ ಉಬ್ಬಿದ್ದು ಶಕ್ತಿಯೆಲ್ಲ ಆ ಚಕ್ರಕ್ಕೇ ಹೋಗುತ್ತಿತ್ತು ಅನ್ನುವುದನ್ನು ಕಣ್ಣಿಗೆ ಹೇಳುತ್ತಿತ್ತು. ಜಿಂಕೆಯ ಮೇಲೆ ಹಾರಲು ಕೂತ ಚಿರತೆಯ ಹಿಂಗಾಲನ್ನು ನೋಡಿ, ಹಾಗೆ. ನೋಡಿದವರಿಗೆ ಕಾರಿನ ಪಿಕಪ್ ಎಷ್ಟಿರಬಹುದು ಅಂತ ನಿಂತಲ್ಲೇ ಗೊತ್ತಾಗುತ್ತಿತ್ತು.

ಶಬ್ದವೂ ಹಾಗೇ. ಅಮೆರಿಕದ ವಿ8 ಎಂಜಿನ್‌ಗಳ ಕ್ರ್ಯಾಂಕ್‌ನ ಜೋಡಣೆಯಿಂದಾಗಿ ಒಂದು ಸಾಲಿನ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವುದಿಲ್ಲ. ಒಮ್ಮೆ ಬೇಗ, ಒಮ್ಮೆ ತಡವಾಗಿ. ಆ ಏರುಪೇರೇ ಸೈಲೆನ್ಸರ್‌ನಿಂದ ಗುಡುಗುಡು ಅಂತ ಹೊರಗೆ ಬರುತ್ತಿತ್ತು. ಯಾರೂ ಕೂತು ರಾಗ ಹಾಕಿದ್ದಲ್ಲ. ಒಳಗೆ ನಡೆಯುವ ಕೆಲಸದ ಸದ್ದು ಅದು.

ಮೊದಲೇ ಸೋತಿದ್ದ ಮೂತಿ

ಮತ್ತೆ 1968ರ ಚಾರ್ಜರ್‌ಗೆ ಬರೋಣ. ಚಾರ್ಜರ್ ಅಂದರೆ ಯುದ್ಧದ ಕುದುರೆ. ಈ ಹೆಸರಿನ ಕಾರು ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಎರಡು ವರ್ಷದ ಮೇಲೆ ಬಂದ ಎರಡನೇ ಆವೃತ್ತಿಯ ರೂಪ ಬಿಡಿಸಿದವರಲ್ಲಿ ಮುಖ್ಯರು ರಿಚರ್ಡ್ ಸಯಸ್ ಅನ್ನುವ ವಿನ್ಯಾಸಕಾರ. ಸೊಂಟದ ಹತ್ತಿರ ಸಣ್ಣಗಾಗಿ, ಹಿಂದೆ ಮುಂದೆ ತುಂಬಿಕೊಂಡ ಮೈ. ಹೆಡ್‌ಲೈಟ್‌ಗಳು ಮುಚ್ಚಳದ ಹಿಂದೆ ಅಡಗಿದ್ದವು, ಹಾಗಾಗಿ ಮುಂಭಾಗ ಪೂರ್ತಿ ಒಂದೇ ಕಪ್ಪು ಗುಹೆಯ ಹಾಗೆ ಕಾಣುತ್ತಿತ್ತು. ಹಿಂದಿನ ಗಾಜು ಎರಡು ಇಳಿಜಾರು ಕಂಬಗಳ ನಡುವೆ ಒಳಕ್ಕೆ ಸರಿದಿತ್ತು. ನನ್ನ ಕಣ್ಣಿಗೆ ಅಮೆರಿಕ ಮಾಡಿದ ಅತ್ಯಂತ ಚೆಂದದ ಕಾರುಗಳಲ್ಲಿ ಅದೂ ಒಂದು.

ಆದರೆ ಗಾಳಿಗೆ ಆ ಚೆಂದ ಹಿಡಿಸಲಿಲ್ಲ. ನ್ಯಾಸ್‌ಕಾರ್ ಅನ್ನುವ ಅಮೆರಿಕದ ಕಾರ್ ರೇಸಿನ ಟ್ರ್ಯಾಕ್‌ಗಳಲ್ಲಿ ಗಂಟೆಗೆ 300 ಕಿ.ಮೀ. ಹತ್ತಿರ ಹೋದಾಗ ಒಳಗೆ ಸರಿದ ಗ್ರಿಲ್ ಗಾಳಿಯನ್ನು ಬೊಗಸೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತಿತ್ತು. ಒಳಗೆ ಸರಿದ ಹಿಂದಿನ ಗಾಜಿನ ಮೇಲೆ ಗಾಳಿ ಸುಳಿ ತಿರುಗಿ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು ಆಗುತ್ತದೆ. ಅದನ್ನು ಗೆಲ್ಲಲು ಬೇಕಾಗುವ ಶಕ್ತಿ ಎಂಟರಷ್ಟು. ಎಂಥ ಎಂಜಿನ್ ಇದ್ದರೂ ಈ ಲೆಕ್ಕದ ಮುಂದೆ ಬೆವರುತ್ತದೆ.

ಡಾಡ್ಜ್ ಮೊದಲು ಗ್ರಿಲ್ ಅನ್ನು ಮುಂದಕ್ಕೆ ತಂದು, ಹಿಂದಿನ ಗಾಜನ್ನು ಮೈಗೆ ಸಮನಾಗಿ ಕೂರಿಸಿ ಚಾರ್ಜರ್ 500 ಅನ್ನುವ ಕಾರು ಮಾಡಿತು. 1969ರ ಡೇಟೋನಾ 500 ರೇಸ್‌ನಲ್ಲಿ ಫೋರ್ಡ್ ಗೆದ್ದಿತು, ಚಾರ್ಜರ್‌ಗೆ ಎರಡನೇ ಸ್ಥಾನ. ಆಮೇಲೆ ಡಾಡ್ಜ್‌ನ ಒಡೆಯ ಕಂಪನಿ ಕ್ರೈಸ್ಲರ್‌ನ ಎಂಜಿನಿಯರ್‌ಗಳು ಮುಲಾಜು ಬಿಟ್ಟರು. ಅವರಲ್ಲಿ ಕೆಲವರು ಕಂಪನಿಯ ಕ್ಷಿಪಣಿ ವಿಭಾಗದಲ್ಲಿ ಕೆಲಸ ಮಾಡಿದವರು. ಮೂತಿಗೆ ಸುಮಾರು 45 ಸೆಂ.ಮೀ. ಉದ್ದದ ಚೂಪು ತಗಡಿನ ಕೊಕ್ಕು ಜೋಡಿಸಿದರು. ಹಿಂದೆ ಸುಮಾರು 58 ಸೆಂ.ಮೀ. ಎತ್ತರದ ರೆಕ್ಕೆ ನಿಲ್ಲಿಸಿದರು. ಅದೇ 1969ರ ಚಾರ್ಜರ್ ಡೇಟೋನಾ. ಆ ಸೆಪ್ಟೆಂಬರ್‌ನಲ್ಲಿ ಟಲ್ಲಡೇಗಾ ಟ್ರ್ಯಾಕ್‌ನಲ್ಲಿ ಓಡಿದ ಮೊದಲ ರೇಸನ್ನೇ ಗೆದ್ದಿತು. 1970ರ ಮಾರ್ಚ್ 24ರಂದು ರೇಸ್ ಡ್ರೈವರ್ ಬಡ್ಡಿ ಬೇಕರ್ ಆ ಕಾರಿನಲ್ಲಿ ಅದೇ ಟ್ರ್ಯಾಕ್‌ನಲ್ಲಿ ಗಂಟೆಗೆ 200 ಮೈಲಿ, ಅಂದರೆ 322 ಕಿ.ಮೀ. ದಾಟಿದರು. ನ್ಯಾಸ್‌ಕಾರ್ ಟ್ರ್ಯಾಕ್‌ನಲ್ಲಿ ಆ ಗೆರೆ ದಾಟಿದ್ದು ಅದೇ ಮೊದಲು. 1971ಕ್ಕೆ ನ್ಯಾಸ್‌ಕಾರ್ ಇಂಥ ಕಾರುಗಳಿಗೆ ಸಣ್ಣ ಎಂಜಿನ್ ಮಾತ್ರ ಅಂತ ನಿಯಮ ತಂದಿತು, ಕಥೆ ಮುಗಿಯಿತು.

ಜನರಿಗೆ ಮಾರಲು ಮಾಡಿದ ಡೇಟೋನಾಗಳು ಬರೀ 503. ಆಗ ಬೀದಿಯಲ್ಲಿ ಅದನ್ನು ನೋಡಿದವರಿಗೆ ವಿಚಿತ್ರ ಅನಿಸಿತ್ತು. ಇವತ್ತು ಅದರಲ್ಲಿ ಒಂದು ಹರಾಜಿಗೆ ಬಂದರೆ ಲಕ್ಷಗಟ್ಟಲೆ ಡಾಲರ್.

ಈಗ 2022ರ ಕಂಡಿಯನ್ನು ಮತ್ತೆ ನೋಡಿ. ವಿನ್ಯಾಸಕಾರರಿಗೆ 1968ರ ಅಗಲ, ಚಪ್ಪಟೆ ಮೂತಿ ಬೇಕು. ಅದಿಲ್ಲದೆ ಚಾರ್ಜರ್ ಅನ್ನುವ ಹೆಸರಿಗೆ ಅರ್ಥ ಇಲ್ಲ. ಬ್ಯಾಟರಿಗೆ ಮಾತ್ರ ಗಾಳಿ ಸಲೀಸಾಗಿ ಜಾರಿಹೋಗುವ ಮೈ ಬೇಕು. ಹೆದ್ದಾರಿಯಲ್ಲಿ ಬ್ಯಾಟರಿಯ ಶಕ್ತಿ ಜಾಸ್ತಿ ಖರ್ಚಾಗುವುದೇ ಗಾಳಿಯನ್ನು ತಳ್ಳುವುದಕ್ಕೆ. 1969ರಲ್ಲಿ ಇದಕ್ಕೆ ಸಿಕ್ಕ ಉತ್ತರ ಕೊಕ್ಕು. 2022ರಲ್ಲಿ ಸಿಕ್ಕ ಉತ್ತರ, ಮೂತಿಯನ್ನು ಹಾಗೇ ಬಿಟ್ಟು ಅದರ ಒಳಗಿಂದಲೇ ಗಾಳಿಗೆ ದಾರಿ ಕೊಡುವುದು. ಇದನ್ನು ಅವರು ಆರ್-ವಿಂಗ್ ಅಂದರು. ಮುಂದೆ ರೇಡಿಯೇಟರ್ ಹಿಂದೆ ದೊಡ್ಡ ಎಂಜಿನ್ ಇಲ್ಲವಾದ್ದರಿಂದಲೇ ಅಲ್ಲಿ ಹಾಗೆ ಕಂಡಿ ಬಿಡಲು ಸಾಧ್ಯವಾಯಿತು. ಬದಿಯಿಂದ ನೋಡಿದರೆ 1968ರ ಗೆರೆ ಹಾಗೇ ಉಳಿದಿದೆ. ಗಾಳಿಗೆ ಅಡ್ಡಿ ಕಡಿಮೆ. ಜೊತೆಗೆ ಆ ರೆಕ್ಕೆ ಮುಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯಲು ಸಹಾಯ ಮಾಡುತ್ತದೆ.

ಇದು ನನಗೆ ತುಂಬಾ ಇಷ್ಟವಾದ ಕೆಲಸ. ಹಳೆಯ ರೂಪಕ್ಕೆ ಹೊಸ ಕೆಲಸ ಕೊಟ್ಟಿದ್ದಾರೆ. ಎಂಜಿನ್ ಇಲ್ಲದೆ ಖಾಲಿ ಉಳಿದ ಜಾಗ ಸುಮ್ನೆ ಖಾಲಿ ಉಳಿಯಲಿಲ್ಲ.

ಸದ್ದಿನ ವಿಷಯದಲ್ಲಿ ದಾರಿ ತಪ್ಪಿದ್ದು

ಅದೇ ಕಾರಿನಲ್ಲಿ ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ಕೆಲಸವೂ ಇದೆ. ಬ್ಯಾಟರಿ ಕಾರಿಗೆ ಗುಡುಗು ಎಲ್ಲಿಂದ ಬರಬೇಕು? ಡಾಡ್ಜ್ ಹಿಂಭಾಗದಲ್ಲಿ ಸ್ಪೀಕರ್ ಮತ್ತು ಗಾಳಿಗೂಡುಗಳನ್ನು ಇಟ್ಟು ಸದ್ದು ಹೊರಡಿಸಿತು. ಫ್ರಾಟ್ಜಾನಿಕ್ ಎಕ್ಸಾಸ್ಟ್ ಅಂತ ಹೆಸರು. 1962ರಿಂದ 1976ರವರೆಗೆ ಡಾಡ್ಜ್ ಕಾರುಗಳ ಮೇಲಿದ್ದ ಫ್ರಾಟ್ಜಾಗ್ ಅನ್ನುವ ಮೂರು ಮೂಲೆಯ ಲಾಂಛನದ ನೆನಪಿಗೆ ಆ ಹೆಸರು. 126 ಡೆಸಿಬಲ್‌ವರೆಗೆ ಹೋಗುತ್ತದೆ, ಡಾಡ್ಜ್‌ನದೇ ಪೆಟ್ರೋಲ್ ಕಾರು ಹೆಲ್‌ಕ್ಯಾಟ್‌ನಷ್ಟೇ ಜೋರು ಅಂತ ಕಂಪನಿ ಹೇಳಿತು.

ಇದನ್ನು ಮಾಡಿದವರ ಮನಸ್ಸು ನನಗೆ ಅರ್ಥವಾಗುತ್ತದೆ. ಸದ್ದಿಲ್ಲದ ಮಸಲ್ ಕಾರ್ ಅವರಿಗೆ ಊಹೆಗೂ ನಿಲುಕಲಿಲ್ಲ. ಆದರೂ ಇದು ಮುಖವಾಡ. ಹಳೆಯ ಸದ್ದು ಕೆಲಸದಿಂದ ಹುಟ್ಟಿದ್ದು. ಇದು ಕೆಲಸಕ್ಕೆ ಅಂಟಿಸಿದ್ದು. ಕೇಳಿದವರ ಕಿವಿಗೆ ಆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಮೋಟಾರಿನ ಸೀಟಿ, ಗೇರಿನ ಕೊರೆತ, ಟೈರು ರಸ್ತೆಯನ್ನು ಕಚ್ಚುವ ಸದ್ದು ಇವೆಲ್ಲ ಬ್ಯಾಟರಿ ಕಾರಿನಲ್ಲೂ ಇವೆ. ಅವನ್ನು ಅಡಗಿಸದೆ, ತಿದ್ದಿ ತೀಡಿ ಜೋರು ಮಾಡಿದ್ದರೆ ಅದು ಆ ಕಾರಿನದೇ ದನಿ ಆಗುತ್ತಿತ್ತು.

2025ರಲ್ಲಿ ಈ ಕಾರುಗಳಲ್ಲಿ 8,000ಕ್ಕೂ ಜಾಸ್ತಿಯನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ನಿಧಾನಕ್ಕೆ ಹೋಗುವಾಗ ದಾರಿಹೋಕರಿಗೆ ತಿಳಿಯಲಿ ಅಂತ ಬ್ಯಾಟರಿ ಕಾರು ಒಂದು ಎಚ್ಚರಿಕೆಯ ಸದ್ದು ಮಾಡಬೇಕು ಅನ್ನುವುದು ಅಮೆರಿಕದ ಕಾನೂನು. ಕೆಲವು ಕಾರುಗಳಲ್ಲಿ ಆ ಸದ್ದು ಬರುತ್ತಿರಲಿಲ್ಲ. ಕಣ್ಣು ಕಾಣದವರು ರಸ್ತೆ ದಾಟುವಾಗ ನಂಬಿಕೊಳ್ಳುವುದು ಆ ಸದ್ದನ್ನೇ.

ಚಿತ್ರಕ್ಕೂ ಕಾರಿಗೂ ನಡುವಿನ ಗೋಡೆ

ಚಿತ್ರದಲ್ಲಿ ಇರುವ ಕಾರು ರಸ್ತೆಗೆ ಯಾಕೆ ಬರುವುದಿಲ್ಲ ಅಂತ ಬಹಳ ಜನ ಕೇಳುತ್ತಾರೆ. ವಿನ್ಯಾಸಕಾರರಿಗೆ ಧೈರ್ಯ ಇಲ್ಲ ಅಂತ ಅಲ್ಲ. 2006ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಡಾಡ್ಜ್ ಹೊಸ ಚಾಲೆಂಜರ್ ಮಾದರಿಯನ್ನು ತೋರಿಸಿತು. 1970ರ ಕಾರಿನ ಹಾಗೆಯೇ ಬಾಗಿಲಿನ ಹಿಂದೆ ಕಂಬವೇ ಇರಲಿಲ್ಲ, ಕಿಟಕಿ ಇಳಿಸಿದರೆ ಒಂದು ಬದಿ ಪೂರ್ತಿ ಬಯಲು. 2008ರಲ್ಲಿ ಮಾರಾಟಕ್ಕೆ ಬಂದಾಗ ಕಂಬ ಬಂದಿತ್ತು. ಕಾರು ಮಗುಚಿದರೆ ಚಾವಣಿ ಕುಸಿಯಬಾರದು, ಬದಿಯಿಂದ ಗುದ್ದಿದರೆ ಒಳಗಿನವರು ಬದುಕಬೇಕು. 2009ರಲ್ಲಿ ಅಮೆರಿಕ ಈ ನಿಯಮವನ್ನು ಇನ್ನೂ ಬಿಗಿ ಮಾಡಿತು. ಸಾಮಾನ್ಯ ಕಾರಿನ ಚಾವಣಿ ಆ ಕಾರಿನ ತೂಕದ 3 ಪಟ್ಟು ಭಾರ ತಡೆಯಬೇಕು ಅಂದಿತು. ಕಂಬಗಳು ದಪ್ಪವಾದವು, ಗಾಜು ಚಿಕ್ಕದಾಯಿತು. ಕಮಾರೋ ಕಾರಿನ ಒಳಗೆ ಕೂತರೆ ಹೊರಗಿನದು ಸರಿಯಾಗಿ ಕಾಣುವುದಿಲ್ಲ ಅಂತ ಜನ ವರ್ಷಗಟ್ಟಲೆ ದೂರಿದರು. ಚಿತ್ರದಲ್ಲಿ ಆ ಸಣ್ಣ ಕಿಟಕಿ ಎಷ್ಟು ಗತ್ತಿನದಾಗಿ ಕಾಣುತ್ತದೋ, ಒಳಗೆ ಕೂತವರಿಗೆ ಅಷ್ಟೇ ಉಸಿರುಗಟ್ಟಿಸುತ್ತದೆ. ಕನ್ನಡಿ ತೆಗೆದು ಕ್ಯಾಮೆರಾ ಇಡುವುದಕ್ಕೂ ಅಮೆರಿಕದ ಕಾನೂನಿನಲ್ಲಿ ಇನ್ನೂ ಅವಕಾಶ ಇಲ್ಲ.

ಬ್ಯಾಟರಿ ಇನ್ನೊಂದು ಕಷ್ಟ ತಂದಿದೆ. ಅದು ಹಾಸಿಗೆಯ ಹಾಗೆ ನೆಲದ ತುಂಬ ಹರಡಿರುತ್ತದೆ. ಅದರ ಮೇಲೆ ಸೀಟು, ಸೀಟಿನ ಮೇಲೆ ಮನುಷ್ಯ, ಮನುಷ್ಯನ ಮೇಲೆ ಚಾವಣಿ. ಎಲ್ಲ ಮೇಲಕ್ಕೆ ಸರಿಯುತ್ತದೆ. ಮಸಲ್ ಕಾರ್ ಅಂದರೆ ತಗ್ಗಾಗಿ, ಅಗಲವಾಗಿ ಇರಬೇಕು. ಹೊಟ್ಟೆ ದಪ್ಪ ಆದದ್ದನ್ನು ಮರೆಸಲು ವಿನ್ಯಾಸಕಾರರು ಕೆಳಗಿನ ಪಟ್ಟಿಗೆ ಕಪ್ಪು ಬಣ್ಣ ಹಚ್ಚುತ್ತಾರೆ, ಚಕ್ರ ದೊಡ್ಡದು ಮಾಡುತ್ತಾರೆ, ಕಿಟಕಿಯ ಕೆಳಗಿನ ಗೆರೆಯನ್ನು ಎತ್ತರಿಸುತ್ತಾರೆ. ಇವತ್ತಿನ ಚಾರ್ಜರ್ ಉದ್ದ ಸುಮಾರು 5.25 ಮೀಟರ್. 1968ರದ್ದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಹಳೆಯದರ ತೂಕ 1,700 ಕೆಜಿ ಆಸುಪಾಸು, ಬ್ಯಾಟರಿ ಚಾರ್ಜರ್‌ನ ದೊಡ್ಡ ಆವೃತ್ತಿ 2,600 ಕೆಜಿಗೂ ಜಾಸ್ತಿ. ನೇರ ರಸ್ತೆಯಲ್ಲಿ 670 ಹಾರ್ಸ್‌ಪವರ್ ಈ ಭಾರವನ್ನು ಮರೆಸುತ್ತದೆ, ಗಂಟೆಗೆ 96 ಕಿ.ಮೀ. ಮುಟ್ಟಲು 3.3 ಸೆಕೆಂಡ್ ಸಾಕು. ತಿರುವಿನಲ್ಲಿ ಭಾರ ಮತ್ತೆ ನೆನಪಾಗುತ್ತದೆ.

ಇಷ್ಟೆಲ್ಲ ಲೆಕ್ಕ ಈಗ ಮೊದಲು ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಗಾಳಿ ಹೇಗೆ ಹರಿಯುತ್ತದೆ, ಡಿಕ್ಕಿಯಾದಾಗ ಯಾವ ತಗಡು ಎಲ್ಲಿ ಮಡಚುತ್ತದೆ ಅನ್ನುವುದೆಲ್ಲ. ಜನರಲ್ ಮೋಟರ್ಸ್ 2003ರಲ್ಲೇ ಬೆಂಗಳೂರಿನಲ್ಲಿ ತನ್ನ ತಾಂತ್ರಿಕ ಕೇಂದ್ರ ತೆರೆದಿದೆ. ಡೆಟ್ರಾಯಿಟ್ ಸುತ್ತಮುತ್ತಲ ಊರುಗಳಲ್ಲಿ ಕಾರು ಕಂಪನಿಗಳಿಗೆ ದುಡಿಯುವ ಕನ್ನಡಿಗರೂ ಇದ್ದಾರೆ. ಅಮೆರಿಕದ ಕಾರು ಅಂತ ನಾವು ದೂರದಿಂದ ನೋಡುವ ವಸ್ತುವಿನ ಹಿಂದಿನ ಲೆಕ್ಕ ಎಷ್ಟೋ ಸಲ ನಮ್ಮ ಪಕ್ಕದ ಮನೆಯವರದು. ಕೊನೆಗೆ ಮಾತ್ರ ಇವತ್ತಿಗೂ ಜೇಡಿಮಣ್ಣು ಬೇಕೇ ಬೇಕು. ಪೂರ್ತಿ ಅಳತೆಯ ಕಾರನ್ನು ಮಣ್ಣಿನಲ್ಲಿ ಮಾಡಿ, ಬೆಳಕಿನಲ್ಲಿ ನಿಲ್ಲಿಸಿ, ಕೈಯಿಂದ ಸವರಿ ನೋಡುತ್ತಾರೆ. ಪರದೆಯಲ್ಲಿ ಸರಿ ಕಂಡ ಗೆರೆ ಮಣ್ಣಿನಲ್ಲಿ ಸೋತು ನಿಂತದ್ದು ಎಷ್ಟೋ ಇದೆ.

ಮಿಕ್ಕವರು ಏನು ಮಾಡಿದರು

ಷೆವ್ರೊಲೆ ಕಮಾರೋ 2023ರ ಕೊನೆಗೆ ನಿಂತುಹೋಯಿತು. ಅದರ ಜಾಗಕ್ಕೆ ಇನ್ನೂ ಯಾವುದೂ ಬಂದಿಲ್ಲ. ಅದೇ ಡಿಸೆಂಬರ್‌ನಲ್ಲಿ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಕೊನೆಯ ವಿ8 ಚಾಲೆಂಜರ್ ಹೊರಬಂತು. 15 ವರ್ಷ ಹೆಚ್ಚೇನೂ ಬದಲಾಗದೆ ಓಡಿದ ರೂಪ ಅದು. ಆದರೂ 2021, 2022ರಲ್ಲಿ ಅಮೆರಿಕದಲ್ಲಿ ಮಸ್ಟಾಂಗ್‌ಗಿಂತ ಅದೇ ಜಾಸ್ತಿ ಖರ್ಚಾಯಿತು.

ಫೋರ್ಡ್ ಎರಡು ದೋಣಿಯಲ್ಲಿ ಕಾಲಿಟ್ಟಿತು. 2019ರಲ್ಲಿ ನಾಲ್ಕು ಬಾಗಿಲಿನ ಎತ್ತರದ ಬ್ಯಾಟರಿ ಕಾರಿಗೆ ಮಸ್ಟಾಂಗ್ ಮಾಕ್-ಇ ಅಂತ ಹೆಸರಿಟ್ಟಿತು. ಅಭಿಮಾನಿಗಳು ಸಿಟ್ಟಾದರು. ಆದರೆ 2024ರಲ್ಲಿ ಅಮೆರಿಕದಲ್ಲಿ ಮಾಕ್-ಇ 51,745, ಪೆಟ್ರೋಲ್ ಮಸ್ಟಾಂಗ್ 44,003 ಮಾರಾಟವಾದವು. ಇನ್ನೊಂದು ಕಡೆ ನಿಜವಾದ ಮಸ್ಟಾಂಗ್ ವಿ8 ಬಿಡಲಿಲ್ಲ, ಕೈಗೇರ್ ಬಿಡಲಿಲ್ಲ. 2016ರಲ್ಲಿ ಭಾರತಕ್ಕೂ ಬಂದಿದ್ದ ಕಾರು ಅದು. 5 ಲೀಟರ್ ವಿ8, ಬಲಗಡೆ ಸ್ಟಿಯರಿಂಗ್, ಬೆಲೆ 65 ಲಕ್ಷ ರೂಪಾಯಿ. ಈಗಿನ ಆವೃತ್ತಿಯ ಡಿಜಿಟಲ್ ಪರದೆಯಲ್ಲಿ ಗುಂಡಿ ಒತ್ತಿದರೆ 1980ರ ದಶಕದ ಮಸ್ಟಾಂಗ್‌ನ ಮೀಟರ್‌ಗಳು ಮೂಡುತ್ತವೆ, ಆಗಿನ ಹಸಿರು ಬೆಳಕಿನ ಸಮೇತ. ಪುಟ್ಟ ವಿಷಯ, ಆದರೆ ಪ್ರೀತಿಯಿಂದ ಮಾಡಿದ್ದು. ಅಪ್ಪನ ಕಾರಿನಲ್ಲಿ ಕೂತು ಬೆಳೆದವರಿಗೆ ಆ ಹಸಿರು ಬೆಳಕು ಏನು ಅಂತ ಗೊತ್ತು.

ಕಳೆದುಹೋದದ್ದು ಬೆಲೆ

ಈಗ ಆ ಬೆಲೆಗಳಿಗೆ ಬರೋಣ. 2024ರಲ್ಲಿ ಬ್ಯಾಟರಿ ಚಾರ್ಜರ್ ಡೇಟೋನಾ ಮಾರಾಟಕ್ಕೆ ಬಂದಾಗ ಕಡಿಮೆ ಬೆಲೆಯ ಆರ್/ಟಿಗೆ 59,595 ಡಾಲರ್. ಶಕ್ತಿ ಜಾಸ್ತಿ ಇರುವ ಸ್ಕ್ಯಾಟ್ ಪ್ಯಾಕ್‌ಗೆ 73,190 ಡಾಲರ್. ಇವತ್ತಿನ ಲೆಕ್ಕದಲ್ಲಿ 24,000 ಡಾಲರ್‌ಗೆ ಸಿಗುತ್ತಿದ್ದ 1964ರ ಮಸ್ಟಾಂಗ್ ಎಲ್ಲಿ, ಇದೆಲ್ಲಿ? 25 ವರ್ಷದವರು ಇದನ್ನು ಕೊಳ್ಳುವುದಿಲ್ಲ. ಕೊಳ್ಳಬಲ್ಲವರು 25 ವರ್ಷದವರಾಗಿದ್ದಾಗಿನ ನೆನಪನ್ನು ಕೊಳ್ಳುತ್ತಾರೆ.

ಮಸಲ್ ಕಾರ್ ಅನ್ನು ಮತ್ತೆ ಊಹಿಸುವವರೆಲ್ಲ 1968ರ ಗೆರೆಗಳಿಂದ ಶುರು ಮಾಡುತ್ತಾರೆ. 1964ರ ಯೋಚನೆಯಿಂದ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಿಟಿಒ ಹೊಸ ಮೈಯನ್ನೇನೂ ಕೇಳಲಿಲ್ಲ. ಅಂಗಡಿಯಲ್ಲಿ ಇದ್ದ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಸಿಕ್ಕಿತು, ಅಷ್ಟೇ. ಇವತ್ತು ಅದನ್ನು ಮಾಡುವುದು ಆಗಿನಕ್ಕಿಂತ ಸುಲಭ. ವಿದ್ಯುತ್ ಮೋಟಾರ್ ಚಿಕ್ಕದು, ದೊಡ್ಡ ವಿ8ನ ಪಕ್ಕದಲ್ಲಿ ಇಟ್ಟರೆ ಕಲ್ಲಂಗಡಿಯಷ್ಟು. ಸಣ್ಣ ಬ್ಯಾಟರಿ, ಹಿಂದಿನ ಚಕ್ರಕ್ಕೆ ಒಂದೇ ದೊಡ್ಡ ಮೋಟಾರ್, ಎರಡು ಬಾಗಿಲು, 1,500 ಕೆಜಿ ಒಳಗೆ ತೂಕ. ಒಮ್ಮೆ ಚಾರ್ಜ್ ಮಾಡಿದರೆ 500 ಕಿ.ಮೀ. ಹೋಗಬೇಕು ಅನ್ನುವ ಹಟ ಬಿಟ್ಟರೆ ಬ್ಯಾಟರಿಯ ತೂಕವೂ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. 1960ರ ದಶಕದ ಹುಡುಗರು ಶನಿವಾರ ರಾತ್ರಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುತ್ತಿದ್ದರು, ಊರಿಂದ ಊರಿಗಲ್ಲ.

ಅಂಥ ಕಾರಿಗೆ ಬಾನೆಟ್ ಉದ್ದ ಬೇಕಾಗಿಲ್ಲ. ಡ್ರೈವರ್ ಮುಂದಕ್ಕೆ ಬರಬಹುದು, ಗಾಜು ದೊಡ್ಡದಾಗಬಹುದು. ಕಣ್ಣು ಸೆಳೆಯುವ ಉಬ್ಬು ಇರಬೇಕಾದದ್ದು ಮೋಟಾರ್ ಇರುವ ಹಿಂದಿನ ಚಕ್ರಗಳ ಮೇಲೆ. ಅದು 1968ರ ಕಾರಿನ ಹಾಗೆ ಕಾಣುವುದಿಲ್ಲ. 1968ರಲ್ಲಿ ಚಾರ್ಜರ್ ಕೂಡ 1948ರ ಕಾರಿನ ಹಾಗೆ ಕಾಣುತ್ತಿರಲಿಲ್ಲವಲ್ಲ.

ಇನ್ನೊಂದು ಮಾತು ಇದೆ. ಹಳೆಯ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಂಡು, ಸ್ಪ್ಯಾನರ್ ಹಿಡಿದು, ಅಣ್ಣತಮ್ಮಂದಿರು ಸೇರಿ ಬಿಚ್ಚಿ ಕೂರಿಸಬಹುದಿತ್ತು. ಬ್ಯಾಟರಿ ಕಾರಿನ ಶಕ್ತಿಯ ಬೀಗ ಸಾಫ್ಟ್‌ವೇರ್‌ನಲ್ಲಿ ಇದೆ, ಕೀಲಿ ಕಂಪನಿಯ ಕೈಯಲ್ಲಿ. ಇದನ್ನು ಬಿಡಿಸದೆ ಹೊರಗಿನ ರೂಪವನ್ನು ಎಷ್ಟು ತಿದ್ದಿದರೂ ಆ ಅಂಗಳದ ಖುಷಿ ವಾಪಸ್ ಬರುವುದಿಲ್ಲ. ಈ ವಿಷಯದಲ್ಲಿ ನನಗೆ ಭರವಸೆ ಕೊಟ್ಟದ್ದು ಮಸಲ್ ಕಾರೇ ಅಲ್ಲದ ಒಂದು ವಾಹನ. ಮಿಷಿಗನ್‌ನ ಸ್ಲೇಟ್ ಅನ್ನುವ ಹೊಸ ಕಂಪನಿ 2025ರ ಏಪ್ರಿಲ್‌ನಲ್ಲಿ ತೋರಿಸಿದ ಪುಟ್ಟ ಬ್ಯಾಟರಿ ಪಿಕಪ್ ಟ್ರಕ್. ಎರಡೇ ಸೀಟು, ಹಿಂದಿನ ಚಕ್ರಕ್ಕೆ ಶಕ್ತಿ, ಬಣ್ಣ ಕೂಡ ಹಚ್ಚದ ಬೂದು ಮೈ. ಕೊಂಡವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಲಿ ಅನ್ನುವುದೇ ಅದರ ವಿನ್ಯಾಸ. 1964ರ ಯೋಚನೆ ಅಲ್ಲಿ ಎಲ್ಲೋ ಉಸಿರಾಡುತ್ತಿದೆ ಅಂತ ನನಗೆ ಅನಿಸಿತು.

ಎರಡು ಮೂತಿಗಳು

ಚಾರ್ಜರ್ ಕಥೆ ಈಗ ಇನ್ನೊಂದು ತಿರುವು ಪಡೆದಿದೆ. ಅಮೆರಿಕದಲ್ಲಿ ಬ್ಯಾಟರಿ ಕಾರು ಕೊಳ್ಳುವವರಿಗೆ ಸಿಗುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಹೊಗೆ ಮತ್ತು ಇಂಧನದ ನಿಯಮಗಳೂ ಸಡಿಲವಾದವು. ಡಾಡ್ಜ್ ಕಡಿಮೆ ಬೆಲೆಯ ಆರ್/ಟಿ ಬ್ಯಾಟರಿ ಕಾರನ್ನು 2026ಕ್ಕೆ ಕೈಬಿಟ್ಟಿತು. ಅದೇ ಮೈಗೆ 3 ಲೀಟರ್‌ನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಕೂರಿಸಿ, ಎರಡು ಟರ್ಬೊ ಜೋಡಿಸಿ, ಸಿಕ್ಸ್‌ಪ್ಯಾಕ್ ಅನ್ನುವ ಹೆಸರಿನಲ್ಲಿ ತಂದಿತು. ಒಂದು 420, ಇನ್ನೊಂದು 550 ಹಾರ್ಸ್‌ಪವರ್. ವಿ8 ಬೇಕು ಅಂತ ಕೂಗುವವರು ಇನ್ನೂ ಕೂಗುತ್ತಲೇ ಇದ್ದಾರೆ.

ಮೊದಲಿಂದಲೂ ಎರಡಕ್ಕೂ ಆಗುವ ಹಾಗೆ ಮೈ ಮಾಡಿದ್ದರಿಂದ ಇದು ಸಾಧ್ಯವಾಯಿತು. ಬಾಗಿಲು ಅದೇ, ಚಾವಣಿ ಅದೇ, ಹಿಂದಿನ ದೀಪದ ಪಟ್ಟಿಯೂ ಅದೇ. ಮುಂದೆ ಹೋಗಿ ನೋಡಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಬ್ಯಾಟರಿ ಕಾರಿನಲ್ಲಿ ಗಾಳಿ ಹಾಯುವ ಆ ಕಂಡಿ ಇದೆ. ಪೆಟ್ರೋಲ್ ಕಾರಿನಲ್ಲಿ ಕಂಡಿಯನ್ನು ಮುಚ್ಚಿದ್ದಾರೆ. ಅದರ ಹಿಂದೆ ಈಗ ಎಂಜಿನ್ ಇದೆ, ಬಾನೆಟ್ ಮೇಲೆ ಉಬ್ಬು ವಾಪಸ್ ಬಂದಿದೆ.